ಕೇಳದೆ ಕಟ್ಟಿದ ಪೇಟ

ಕಲಾಯಿ ಅಬ್ದುಲ್ ರಹೀಂ ತಿದಿ, ನವಸಾಗರ, ತವರದ ತುಂಡುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೆಳಿಗ್ಗೆ ಗುಂಡ್ಲುಪೇಟೆ ಬಿಟ್ಟರೆ, ಬೇಗೂರಿನ ಸುತ್ತಮುತ್ತ ಪಾತ್ರೆಗಳಿಗೆ ಕಲಾಯಿ ಹಾಕಿ ಸಂಜೆಯ ನಮಾಜಿಗೆ ಹಿಂದಿರುಗುತ್ತಿದ್ದ. ಅಷ್ಟರಲ್ಲಿ ಹೆಂಡತಿ ಕುಲ್ಸುಂ ಬಿ ಒಂದು ಮೊರದ ತುಂಬ ಬೀಡಿ ಸುತ್ತಿರುತ್ತಿದ್ದಳು. ಪಕ್ಕದಲ್ಲಿ ಎಲೆ ಕತ್ತರಿಸುತ್ತ ಕೂರುವವಳು ಒಬ್ಬಳೇ ಮಗಳು ಸಾಬೀರಾ. ಹದಿನಾಲ್ಕರ ಹುಡುಗಿ. ದಿನಸಿ ಕಟ್ಟಿ ಬಂದ ಕಾಗದದ ಚೂರನ್ನೂ ಬಿಡದೆ ಓದಿ ಅಪ್ಪನಿಗೆ ಹೇಳುತ್ತಿದ್ದಳು.

ಅವರಿದ್ದ ಹೆಂಚಿನ ಮನೆ ಮಸೀದಿಯದು. ಮಸೀದಿಯ ಆಡಳಿತವೆಲ್ಲ ಮುತವಲ್ಲಿ ಸರ್ದಾರ್ ಸಾಹೇಬರ ಕೈಯಲ್ಲಿ. ಅವರು ಈರುಳ್ಳಿ ಮಂಡಿಯ ಯಜಮಾನರು; ಅವರ ತಂದೆಯೂ ಮುತವಲ್ಲಿ, ತಾತನೂ ಮುತವಲ್ಲಿ. ಇಮಾಮರ ಪೀಠವೂ ಹಾಗೆಯೇ, ಅಪ್ಪನ ತರುವಾಯ ಮಗನಿಗೆ. ಯಾರು ಏನು ಕಲಿತಿದ್ದಾರೆಂದು ಊರಲ್ಲಿ ಯಾರೂ ಕೇಳಿದ್ದಿಲ್ಲ.

ಐವತ್ತಮೂರನೆಯ ಇಸವಿಯಲ್ಲಿ ಸರ್ದಾರ್ ಸಾಹೇಬರು ಚಾಮರಾಜನಗರದಲ್ಲಿದ್ದ ತಮ್ಮ ಭಾವಮೈದುನನಿಗೆ ಸಾಬೀರಾಳನ್ನು ಕೇಳಿದರು. ಆತನಿಗೆ ನಲವತ್ತೈದು ದಾಟಿತ್ತು, ಮೊದಲ ಹೆಂಡತಿ ತೀರಿಕೊಂಡಿದ್ದಳು. ಇರುವ ಮನೆ ಅವರ ಕೈಯಲ್ಲಿರುವಾಗ ಇಲ್ಲವೆನ್ನುವ ಧೈರ್ಯ ರಹೀಮನಿಗೆ ಬರಲಿಲ್ಲ.

ನಿಕಾಹ್‌ನ ದಿನ ಹುಡುಗಿಯ ಸೋದರಮಾವ ಒಪ್ಪಿಗೆ ಕೇಳಲು ಒಳಗೆ ಹೋದವನು ಮುಖ ಇಳಿಸಿಕೊಂಡು ಹೊರಗೆ ಬಂದ.

"ಹಜ್ರತ್, ಅವಳು ಬೇಡ ಅಂತಾಳೆ. ಮೂರು ಸಲ ಕೇಳ್ದೆ."

ಮುದಿ ಇಮಾಮರು ತಲೆಯೆತ್ತಿ ಸರ್ದಾರ್ ಸಾಹೇಬರತ್ತ ನೋಡಿದರು.

"ಹೆಣ್ಣು ಮಕ್ಳು ನಾಚ್ಕೆಗೆ ಹಾಗಂತಾರೆ. ಬರ್ಕೊಳ್ಳಿ," ಎಂದರು ಸಾಹೇಬರು.

ಇಮಾಮರು ಬರೆದುಕೊಂಡರು. ಅಲ್ಲೇ ಚಾಪೆಯ ಮೇಲೆ ಕೂತಿದ್ದ ರಹೀಂ ಬಾಯಿ ಬಿಡಲಿಲ್ಲ.

ಒಂದೂವರೆ ವರ್ಷಕ್ಕೆ ಸಾಬೀರಾ ಚೊಚ್ಚಲ ಹೆರಿಗೆಯಲ್ಲಿ ಸತ್ತಳು. ಮಗುವೂ ಉಳಿಯಲಿಲ್ಲ. ಅಪ್ಪ ಅಮ್ಮ ಚಾಮರಾಜನಗರದಲ್ಲಿ ಬಸ್ಸಿಳಿಯುವಷ್ಟರಲ್ಲಿ ಮಣ್ಣಾಗಿತ್ತು. ಕುಲ್ಸುಂ ಬಿ ಅಳಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಒಂದೇ ಮಾತು ಹೇಳಿದಳು: "ಅವಳು ಬೇಡ ಅಂದದ್ದು ನಂಗೂ ಕೇಳಿಸ್ತು, ನಿಮಗೂ ಕೇಳಿಸ್ತು."

ಆ ಮಾತು ರಹೀಮನೊಳಗೆ ಕೆಂಡದ ಹಾಗೆ ಕೂತುಬಿಟ್ಟಿತು.

ಮರುವರ್ಷ ಮುದಿ ಇಮಾಮರು ತೀರಿಹೋದರು. ಬರುವ ಶುಕ್ರವಾರ ಅವರ ಮಗ ಜಿಯಾವುಲ್ಲಾನಿಗೆ ಇಮಾಮರ ಪೇಟ ಕಟ್ಟುವುದೆಂದು ಸರ್ದಾರ್ ಸಾಹೇಬರು ಸಾರಿದರು. ಇಪ್ಪತ್ತೆರಡರ ಆ ಹುಡುಗ ಮಂಡಿಯಲ್ಲಿ ಮೂಟೆ ಎಣಿಸುತ್ತಿದ್ದವನು. ಅವನು ಓದಿದ್ದು ಅಪ್ಪನಿಂದ ಬಾಯಿಪಾಠ ಮಾಡಿದ ಕುರಾನಿನ ಏಳೆಂಟು ಸೂರಾ, ಅಷ್ಟೇ.

ಬೇಗೂರಿನ ಒಕ್ಕಲಿನ ಮನೆಯ ಗುರುಮಲ್ಲಮ್ಮನ ಕೊಳಗಕ್ಕೆ ಕಲಾಯಿ ಹಾಕುತ್ತ ರಹೀಂ ಈ ಸುದ್ದಿ ಹೇಳಿದ. ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಲ್ಲ ಕಣ್ ಸಾಬ್ರೇ, ಒಂದೆತ್ತು ತಕ್ಕೊಳೂವಾಗ್ಲೂ ನಾವು ಬಾಯ್ ಬುಡ್ಸಿ ಹಲ್ ನೋಡ್ತೀವಿ. ನಿಮ್ ಮಸೂತಿ ಅಯ್ನೋರ್ನ ಯಾರೂ ಏನೂ ಕೇಳಾಕಿಲ್ವಾ?"

"ಕೇಳೋ ಪದ್ಧತಿ ಇಲ್ಲ ಕಣಮ್ಮ."

"ಇಲ್ದಿದ್ರೆ ನೀವೇ ಸುರು ಮಾಡ್ಬುಡಿ."

ಶುಕ್ರವಾರದ ನಮಾಜು ಮುಗಿಯಿತು. ಹಿತ್ತಾಳೆಯ ತಟ್ಟೆಯಲ್ಲಿ ಹಸಿರು ಪೇಟ ತಂದಿಟ್ಟರು. ಸರ್ದಾರ್ ಸಾಹೇಬರು ಅದನ್ನು ಕೈಗೆತ್ತಿಕೊಂಡಾಗ ಹಿಂದಿನ ಸಾಲಿನಲ್ಲಿ ರಹೀಂ ಎದ್ದು ನಿಂತ.

"ಸಾಹೇಬ್ರೇ, ಕಟ್ಟೋಕೆ ಮುಂಚೆ ಜಮಾತಿನ ಎಲ್ಲರನ್ನೂ ಕೇಳಿ. ನಮ್ಮ ನಮಾಜು, ನಮ್ಮ ಮಕ್ಕಳ ನಿಕಾಹ್, ನಮ್ಮ ಹೆಣ ಎಲ್ಲ ಇವರ ಕೈಲಿರೋದು."

"ತಲಾತಲಾಂತರದಿಂದ ಬಂದದ್ದು ಇದು. ಕಲಾಯಿ ಹಾಕೋನ್ನ ಕೇಳಿ ನಡೆಸ್ಬೇಕಾ?"

"ಮಶ್ವರಾ ಮಾಡಿ, ನಾಲ್ಕು ಜನರನ್ನ ಕೇಳಿ ನಡೀರಿ ಅಂತ ನಮ್ಮ ಧರ್ಮಾನೇ ಹೇಳುತ್ತೆ. ಅದರಲ್ಲಿ ಮಂಡಿಯವರು, ಕಲಾಯಿಯವರು ಅಂತ ಬೇರೆ ಇಲ್ಲ. ಒಂದೇ ಒಂದು ಪ್ರಶ್ನೆ ಕೇಳ್ತೀನಿ, ಅಪ್ಪಣೆಯಾಗ್ಲಿ." ಉತ್ತರಕ್ಕೆ ಕಾಯದೆ ರಹೀಂ ಹುಡುಗನತ್ತ ತಿರುಗಿದ. "ಜಿಯಾವುಲ್ಲಾ, ನಿಕಾಹ್ ಬರೆಯೋಕೆ ಮುಂಚೆ ಯಾರ ಒಪ್ಪಿಗೆ ಕೇಳ್ಬೇಕಪ್ಪಾ?"

ಜಿಯಾವುಲ್ಲಾ ಸುತ್ತ ನೋಡಿದ. ಅಪ್ಪ ಮಾಡುತ್ತಿದ್ದುದನ್ನು ನೆನೆದು ಹೇಳಿದ: "ಮುತವಲ್ಲಿಯವರದು."

ಯಾರೂ ನಗಲಿಲ್ಲ. ಸಾಬೀರಾಳ ಸೋದರಮಾವ ಮುಖ ಮುಚ್ಚಿಕೊಂಡ.

"ಹುಡುಗಿಯದು," ಎಂದಿತು ಬಾಗಿಲ ಹೊರಗಿನಿಂದ ಒಂದು ದನಿ. ಕುಲ್ಸುಂ ಬಿ ಬೀದಿಯಲ್ಲಿ ನಿಂತಿದ್ದಳು, ಅವಳ ಹಿಂದೆ ಬೀಡಿ ಸುತ್ತುವ ಹೆಂಗಸರು. "ನನ್ನ ಮಗಳು ಬೇಡ ಅಂದ್ಲು. ಇವರು ಬೇಕು ಅಂತ ಬರೆದ್ರು. ಅವಳ ಗೋರಿ ಮೇಲೆ ಹದಿನೈದು ವರ್ಷ ಅಂತ ಬರೆಸಿದೀವಿ."

ಸರ್ದಾರ್ ಸಾಹೇಬರ ಮುಖ ಕಪ್ಪಿಟ್ಟಿತು. "ರಹೀಂ, ನಾಳೇನೇ ಮನೆ ಖಾಲಿ ಮಾಡು. ನಿಮ್ಮನೇಲಿ ಸತ್ತರೆ ಹೆಣ ಹೊರೋಕೆ ಮಸೀದಿ ಸಂದೂಕ ಸಿಗಲ್ಲ."

"ಸೈಕಲ್ ಮೇಲೆ ಹೊತ್ಕೊಂಡು ಹೋಗ್ತೀನಿ," ಎಂದ ರಹೀಂ. "ಕೂತಿದ್ದಾಗ ಒಂದು ಸಲ ಬಾಯಿ ಮುಚ್ಕೊಂಡೆ. ಇನ್ನು ಮುಚ್ಚಲ್ಲ."

ಆಗ ಜಿಯಾವುಲ್ಲಾ ಯಾರೂ ಎಣಿಸದ ಕೆಲಸ ಮಾಡಿದ. ಸಾಹೇಬರು ತನ್ನ ತಲೆಯ ಕಡೆ ತಂದ ಪೇಟವನ್ನು ಎರಡೂ ಕೈಯಿಂದ ಹಿಂದಕ್ಕೆ ಸರಿಸಿದ. "ಚಾಚಾ ಹೇಳೋದು ಸರಿ. ನಂಗೆ ಗೊತ್ತಿಲ್ಲ. ಕಲಿತು ಬರ್ತೀನಿ, ಆಮೇಲೆ ಜಮಾತು ಬೇಕಂದ್ರೆ ಇಟ್ಕೊಳ್ಳಲಿ."

ಮರುದಿನ ರಹೀಮನ ಸಾಮಾನು ಬೀದಿಗೆ ಬಿತ್ತು. ಸಾಬೀರಾಳ ಸೋದರಮಾವನ ಮನೆಯ ಜಗಲಿಯಲ್ಲಿ ಒಲೆ ಹೂಡಿದರು. ಗಂಡಸರು ಸಾಹೇಬರಿಗೆ ಹೆದರಿ ಮಂಡಿಯ ಬಾಗಿಲಲ್ಲಿ ಅಳುಕುತ್ತ ನಿಂತಿದ್ದಾಗ ಕುಲ್ಸುಂ ಬಿ ಮನೆಮನೆಗೆ ಹೋದಳು. ವಾರದೊಳಗೆ ನಲವತ್ತೊಂದು ಮನೆಯವರು ಒಪ್ಪಿದರು: ಮೈಸೂರಿನಿಂದ ವಿದ್ವಾಂಸರನ್ನು ಕರೆಸುವುದು, ಇಮಾಮರಾಗಲು ಬಂದವರನ್ನು ಎಲ್ಲರೆದುರು ಪರೀಕ್ಷಿಸುವುದು, ಹುಡುಗಿಯ ಮಾತನ್ನು ಇಬ್ಬರು ಹೆಂಗಸರಾದರೂ ಕೇಳಿಸಿಕೊಳ್ಳದೆ ನಿಕಾಹ್ ಬರೆಯದಿರುವುದು, ಆಡಳಿತವನ್ನು ಐದು ಜನ ನೋಡಿಕೊಳ್ಳುವುದು.

ಮುಂದಿನ ಶುಕ್ರವಾರ ಬಂದು ನೋಡಿದರೆ ಸರ್ದಾರ್ ಸಾಹೇಬರು ಮಸೀದಿಗೆ ಬೀಗ ಹಾಕಿಸಿದ್ದರು.

"ಹೋಗನ ನಡೀರಿ," ಎಂದರು ಕೆಲವರು.

ರಹೀಂ ಹೆಗಲ ಟವೆಲ್ಲು ತೆಗೆದು ರಸ್ತೆಯ ಮೇಲೆ ಹಾಸಿದ. ಪಕ್ಕದಲ್ಲಿ ಜಿಯಾವುಲ್ಲಾ ಹಾಸಿದ. ಒಬ್ಬೊಬ್ಬರಾಗಿ ಸಾಲು ಬೆಳೆಯಿತು. ತಮ್ಮಲ್ಲಿ ಕುರಾನನ್ನು ಚೆನ್ನಾಗಿ ಓದಬಲ್ಲವರು ಯಾರೆಂದು ಅಲ್ಲೇ ನಿಂತು ಕೇಳಿಕೊಂಡರು. ಎಲ್ಲರೂ ಒಪ್ಪಿದ ಮುದುಕ ದರ್ಜಿಯೊಬ್ಬರನ್ನು ಮುಂದೆ ನಿಲ್ಲಿಸಿದರು. ಕೇರಳದ ಕಡೆ ಹೊರಟಿದ್ದ ಲಾರಿಗಳು ಒಂದರ ಹಿಂದೊಂದು ನಿಂತವು. ಮಂಡಿಯ ಮಹಡಿಯಿಂದ ಸರ್ದಾರ್ ಸಾಹೇಬರು ಕೂಗಿ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ದರ್ಜಿ ನಮಾಜು ಶುರುಮಾಡಲು ಆಗಲೇ ಎರಡೂ ಕೈ ಕಿವಿಯವರೆಗೆ ಎತ್ತಿದ್ದರು.