ಒಬ್ಬರಿಗೆ ಒಬ್ಬರು

ಕೆಳಗೆ ಟ್ರಾಮ್ ಹೋಯಿತು, ಖಾಲಿ, ಓಡಿಸುವವನೊಬ್ಬನೇ, ಅವನಿಗಾದರೂ ತಲುಪಲು ಒಂದು ಕೊನೆಯ ನಿಲ್ದಾಣವಿದೆ ಅಂದುಕೊಂಡಳು ರೈನ್‌ಹಿಲ್ಡಾ, ಮತ್ತೆ ಕಂಪ್ಯೂಟರಿನತ್ತ ತಿರುಗಿದಳು, ನಾಲ್ಕು ಗಂಟೆಗೆ ಸರ್ಕಾರದ ಕೊರೊನಾ ಸಮಿತಿ ಕೇಳುತ್ತದೆ — ಒಂಟಿಯಾಗಿರುವವರು ತಲಾ ಒಬ್ಬರನ್ನು ಆರಿಸಿಕೊಂಡು ಅಪ್ಪಿಕೊಳ್ಳಬಹುದೆಂಬ ನಿಯಮ ತಂದರೆ ಗೆಂಟ್‌ನ ಆಸ್ಪತ್ರೆಗಳು ತುಂಬಿಹೋಗುತ್ತವೆಯೋ ಇಲ್ಲವೋ — ಒಬ್ಬರಿಗೆ ಒಬ್ಬರು, ಲೆಕ್ಕಕ್ಕೆ ಎಷ್ಟು ಸಲೀಸು! ಎಲ್ರಿಗೂ ಒಬ್ರು ಇದ್ದೇ ಇರ್ತಾರೆ ಅಂತ ಹಿಡಿಯೋಣ್ವಾ, ಎಂದು ಬೆಳಿಗ್ಗೆ ವಿಡಿಯೋ ಕರೆಯಲ್ಲಿ ಕೇಳಿದ್ದ ಸಹೋದ್ಯೋಗಿ ಯೋರಿಸ್, ತನ್ನ ಮನೆಯಲ್ಲಿ ಹೆಂಡತಿ ಮಕ್ಕಳ ಗಲಾಟೆಯ ನಡುವೆ ಕೂತು, ಹಿಡಿಯಪ್ಪಾ ಅಂದಿದ್ದಳು ಇವಳು, ಮಾರ್ಚಿನಿಂದ ಈ ನವೆಂಬರಿನವರೆಗೆ ತನ್ನನ್ನು ಮುಟ್ಟಿದ್ದು ಯಾರು, ಫ್ಲೂ ಚುಚ್ಚುಮದ್ದಿನ ನರ್ಸ್, ತೋಳು ಹಿಡಿದಳು, ಎರಡು ಸೆಕೆಂಡು, ಗ್ಲೌಸಿನೊಳಗಿಂದಲೂ ಬೆಚ್ಚಗೆ, ಸಮೀಕ್ಷೆಗೆಂದು ಊರಿನ ಸಾವಿರ ಜನ ದಿನವೂ ತುಂಬುವ ಡೈರಿಯಲ್ಲಿ ಅದನ್ನೂ ಬರೆದಿದ್ದಳು ರೈನ್‌ಹಿಲ್ಡಾ, ನಿನ್ನೆ ಎಷ್ಟು ಜನರನ್ನು ಮುಟ್ಟಿದಿರಿ, ತಾನೇ ರೂಪಿಸಿದ ಪ್ರಶ್ನೆ, ಒಂದು ಎಂದು ತುಂಬುವಾಗ ಎಂಥ ಹೆಮ್ಮೆ, ಥೂ, ಐವತ್ಮೂರು ವರ್ಷದವಳು.

ಆದರೆ ಲುಟ್‌ಗಾರ್ಡ್ ಇದ್ದಾಳಲ್ಲ, ತಂಗಿ, ಗಂಡನನ್ನು ಬಿಟ್ಟ ಮೇಲೆ ಅವಳೂ ಒಂಟಿ, ಈ ನಿಯಮ ಬಂದರೆ ತಾವಿಬ್ಬರೂ — ಹಾಗಂದುಕೊಂಡೇ ಅಲ್ಲವೇ ವಾರವಿಡೀ ಲೆಕ್ಕ ಹಾಕಿದ್ದು, ಭಾನುವಾರ ಬರುತ್ತಾಳೆ, ಬಾಗಿಲಲ್ಲೇ ಬಿಗಿಯಾಗಿ ಹಿಡಿದುಕೊಳ್ಳಬೇಕು, ಕೋಟು ಬಿಚ್ಚುವುದಕ್ಕೂ ಬಿಡಬಾರದು, ಫೋನು ಮಾಡಿಯೇಬಿಟ್ಟಳು, ಲುಟ್‌ಗಾರ್ಡ್ ತಡವರಿಸಿದಳು, ಅಯ್ಯೋ ಅಕ್ಕಾ, ಟಿವಿಲಿ ಈ ಸುದ್ದಿ ಬಂದ ದಿನಾನೇ ನಮ್ ಮೇಲಿನ ಮನೆ ಮಾರ್ಟೈನ್‌ಗೆ ಮಾತು ಕೊಟ್ಬಿಟ್ನಲ್ಲಾ, ಈ ಮುಟ್ಟೋದು ಗಿಟ್ಟೋದು ನಿಂಗಾಗಲ್ಲ ಅಂದ್ಕೊಂಡೆ ಕಣೇ, ನಿಂಗೆ ಲೆಕ್ಕ ಒಂದಿದ್ರೆ ಸಾಕಲ್ವಾ, ಎಂದು ನಕ್ಕಳು, ರೈನ್‌ಹಿಲ್ಡಾಳೂ ನಕ್ಕಳು, ಸರಿ ಬಿಡೇ ಅಂದಳು, ಫೋನು ಇಟ್ಟು ಅತ್ತಳು, ಜೋರಾಗಿಯೇ ಅತ್ತಳು, ಕೇಳುವವರು ಯಾರಿದ್ದರು.

ಆಮೇಲೆ ರೋಷ ಉಕ್ಕಿತು, ಎಲ್ಲರಿಗೂ ಒಬ್ಬರಂತೆ, ಶುದ್ಧ ಸುಳ್ಳು, ಸಮಿತಿಗೂ ಗೊತ್ತಾಗಲಿ, ಯಾರೂ ಇಲ್ಲದವರು ನೂರಕ್ಕೆ ಹದಿನೈದು ಎಂದು ಸೇರಿಸಿದಳು, ಅವರ ಪಾಲಿಗೆ ಅಪ್ಪುಗೆ ಸೊನ್ನೆ, ಕೀಲಿ ಒತ್ತಿದಳು — ಸೋಂಕಿನ ಹಸಿರು ಗೆರೆ ಕೆಳಗಿಳಿಯಿತು, ಇಪ್ಪತ್ತು ಮಾಡಿದಳು, ಇನ್ನೂ ಇಳಿಯಿತು, ಮೂವತ್ತು, ಇನ್ನೂ, ಅಷ್ಟರಲ್ಲಿ ಯೋರಿಸ್ ಪರದೆಯ ಮೂಲೆಯಲ್ಲಿ ಕಾಣಿಸಿಕೊಂಡ, ಅರೆ, ಏನ್ ಮಾಡಿದ್ರಿ, ಎಷ್ಟ್ ಚೆನ್ನಾಗ್ ಬಂತಲ್ಲ, ಇದನ್ನೇ ಕಳಿಸ್ಬಿಡೋಣ ಅಂದ, ಅವಳು ಪರದೆಯನ್ನೇ ನೋಡಿದಳು, ಯಾರೂ ಇಲ್ಲದವರು ಹೆಚ್ಚಿದಷ್ಟೂ ಊರಿಗೆ ಒಳ್ಳೆಯದು, ಗೆರೆ ಇಳಿಯುತ್ತಿದೆ, ಆ ಹಸಿರು ಗೆರೆ, ಇಳಿಯುತ್ತಲೇ ಇದೆ