ತಿರುಗುವ ಗಾಲಿ, ನಿಂತ ಗಾಲಿ

ಗಜೇಂದ್ರಗಡದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅನಘಾ ವಿಜ್ಞಾನ ದಿನಕ್ಕೆಂದು ಒಂದು ಪ್ರಯೋಗ ಹೂಡಿದ್ದಳು. ಒಂದೇ ತೂಕದ ಎರಡು ಪೆಟ್ಟಿಗೆ, ಎರಡರಲ್ಲೂ ಹಿತ್ತಾಳೆ ಗಾಲಿ. ಒಂದರ ಗಾಲಿ ಮೋಟಾರಿನಿಂದ ಗಿರ್ರನೆ ತಿರುಗುತ್ತದೆ, ಇನ್ನೊಂದರದು ಸುಮ್ಮನೆ ನಿಂತಿರುತ್ತದೆ. ಎರಡನ್ನೂ ಮಾಳಿಗೆಯಿಂದ ಒಟ್ಟಿಗೆ ಬಿಟ್ಟರೆ ಯಾವುದು ಮೊದಲು ನೆಲ ಮುಟ್ಟೀತು? ಇಂಥದ್ದನ್ನೇ ಉಪಗ್ರಹದಲ್ಲಿಟ್ಟು ನೋಡಬೇಕೆಂದು ವಿಜ್ಞಾನಿಗಳು ಹವಣಿಸುತ್ತಿರುವುದನ್ನು ಓದಿದಾಗಿನಿಂದ ಅವಳಿಗೆ ಬೇರೆ ಧ್ಯಾನವೇ ಇರಲಿಲ್ಲ.

ಸಂಸ್ಥೆಯ ಅಧ್ಯಕ್ಷ ಶಿವನಪ್ಪನವರು ನರಗುಂದದ ಕಾಳಿನ ವ್ಯಾಪಾರಿ. ಸುದ್ದಿ ಕೇಳಿದವರೇ ಗೆದ್ದ ಪೆಟ್ಟಿಗೆಗೆಂದು ಶಾಲು, ಹಾರ, ಬೆಳ್ಳಿ ಬಟ್ಟಲು ತರಿಸಿಬಿಟ್ಟರು.

ಅನಘಾ ಉಪಗ್ರಹದ ವಿಷಯವನ್ನೂ ಜನರಿಗೆ ಹೇಳಿದಳು. ಭಾಷಣಗಳಲ್ಲೇ ಬಿಸಿಲೇರಿತು. ಕೊನೆಗೆ ಸಹೋದ್ಯೋಗಿ ಜಯಂತ ಮಾಳಿಗೆಯಿಂದ ಪೆಟ್ಟಿಗೆಗಳನ್ನು ಬಿಟ್ಟ. ಕೆಳಗಿನ ಉಸುಕಿನಲ್ಲಿ ಒಂದೇ ಸಪ್ಪಳ. ಅನಘಾಳ ಎದೆ ತುಂಬಿ ಬಂತು. ಶಿವನಪ್ಪನವರ ಮುಖ ಇಳಿಯಿತು.

“ಯಾವುದು ಗೆದ್ದಿತ್ರಿ?”

“ಎರಡೂ ಕೂಡೇ ಮುಟ್ಟಿದುವ್ರಿ ಸರ್.”

ಅವರು ಅವಳ ಕಿವಿಯ ಬಳಿ ಬಗ್ಗಿದರು. “ದುಡಿಯಾಂವನೂ ಕುಂತಾಂವನೂ ಒಂದ ಹೊತ್ತಿಗೆ ಮುಟ್ಟತಾರ ಅಂತ ಹೇಳಿದ್ರ ನಾಳಿಂದ ನನ್ನ ಅಂಗಡ್ಯಾಗ ಚೀಲ ಯಾರು ಹೊರತಾರ? ತಿರಗೂದು ಕೂದಲೆಳಿಯಷ್ಟು ಮುಂದಿತ್ತು ಅಂದಬಿಡ್ರಿ.”

“ಇರಲಿಲ್ರಿ.”

ಅವರು ತಾವೇ ಮೈಕು ಹಿಡಿದು, ತಿರುಗುವ ಪೆಟ್ಟಿಗೆ ಗೆದ್ದಿತೆಂದು ಸಾರಿ, ಅದಕ್ಕೆ ಶಾಲು ಹೊದಿಸಿದರು. ಒಳಗೆ ಗಾಲಿ ಇನ್ನೂ ಗುಂಯ್‌ಗುಡುತ್ತಿತ್ತು. ಸನ್ಮಾನಕ್ಕೆ ಪೆಟ್ಟಿಗೆಯೇ ಎರಡು ಮಾತು ಆಡಿತೇನೋ ಎಂಬಂತೆ ಜನ ಚಪ್ಪಾಳೆ ತಟ್ಟಿದರು.

ಮುಂದಿನ ಸಾಲಿನಲ್ಲಿದ್ದ, ಮಗ್ಗದ ಕೆಲಸದ ಖಾಜಾಬಿ ಎದ್ದು ನಿಂತಳು. “ಬಾಯಾರ, ಇಲ್ಲೇ ಬೀಳಸಿ ನೋಡಬೋದಂದ್ರ ಉಪಗ್ರಹದಾಗ ಇಟ್ಟು ಅಷ್ಟ ಮ್ಯಾಲ ಯಾಕ ಒಯ್ಯಬೇಕ್ರಿ?”

ಅನಘಾ ಅಧ್ಯಕ್ಷರ ಕೈಯಿಂದ ಮೈಕು ಇಸಿದುಕೊಂಡಳು. “ಇಲ್ಲಿ ಕಣ್ಣ ಪಿಳುಕಸೂದ್ರಾಗ ಬೀಳೂದು ಮುಗೀತೈತ್ರಿ ಚಾಚಿ. ಮ್ಯಾಲ ಭೂಮಿ ಸುತ್ತ ಹಾಕೂದಂದ್ರ ತಿಂಗಳಗಟ್ಟಲೆ ಬೀಳತಾನ ಇದ್ದಂಗ. ಎಳ್ಳಷ್ಟು ಫರಕ ಇದ್ರೂ ಅಲ್ಲಿ ಕಂಡೀತು.”

“ಕಾಣಲಿಲ್ಲಂದ್ರ?”

“ಕಾಣಲಿಲ್ಲ ಅಂತ ಖರೇ ಹೇಳೂದು. ಇಲ್ಲೂ ಕಾಣಲಿಲ್ಲ. ಎರಡೂ ಕೂಡೇ ಬಿದ್ದುವು.”

ಜನ ಶಾಲು ಹೊದ್ದ ಪೆಟ್ಟಿಗೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೂ ಅವಳ ಮನಸ್ಸು ಹಗುರಾಗಿತ್ತು.

ವಾರದೊಳಗೆ ಅವಳನ್ನು ಸಂಸ್ಥೆಯ ರೋಣದ ಶಾಖೆಗೆ ವರ್ಗ ಮಾಡಿದರು. ಸಹೋದ್ಯೋಗಿಗಳು ಮರುಗಿದರು. ಅಲ್ಲಿನ ಕಟ್ಟಡಕ್ಕೆ ಇಲ್ಲಿಗಿಂತ ಒಂದು ಅಂತಸ್ತು ಹೆಚ್ಚಿದೆ ಎಂದು ಜಯಂತ ಹೇಳಿದ್ದೇ ತಡ, ಅನಘಾ ಎರಡೂ ಪೆಟ್ಟಿಗೆಗಳ ಸಮೇತ ಗಂಟುಮೂಟೆ ಕಟ್ಟತೊಡಗಿದಳು.