ಶ್ರಾವಣದ ಉಪವಾಸ, ರಕ್ತದ ಕೊಬ್ಬು

ನಮ್ಮ ಯಜಮಾನರಾದ ಭೀಮಸೇನರಿಗೆ ಗುಳಿಗೆ ಎಂದರೆ ಆಗದು. ಬ್ಯಾಂಕಿನ ವರ್ಗಾವಣೆಯ ಮೇಲೆ ನಾವು ಬಾಗಲಕೋಟೆಯಿಂದ ಅಹಮದಾಬಾದಿನ ಮಣಿನಗರಕ್ಕೆ ಬಂದವರು. ೨೦೦೩ರಲ್ಲಿ ಬ್ಯಾಂಕಿನವರು ಎಲ್ಲರ ರಕ್ತಪರೀಕ್ಷೆ ಮಾಡಿಸಿದರು. ಟ್ರೈಗ್ಲಿಸರೈಡ್ ಎಂದರೆ ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು. ನೂರೈವತ್ತರ ಒಳಗಿರಬೇಕಾದದ್ದು ಇವರಿಗೆ ಸಾವಿರದ ಇನ್ನೂರು ಇತ್ತು! ಡಾಕ್ಟರು ಗುಳಿಗೆ ಬರೆದುಕೊಟ್ಟು, ಕರಿದದ್ದು, ಸಿಹಿ ಬಿಡಿ ಎಂದರು.

"ಮೈಯಾಗ ಒಂದು ನೋವಿಲ್ಲ, ನನಗ್ಯಾಕ ಗುಳಿಗಿ? ಶ್ರಾವಣ ಪೂರ್ತಿ ಉಪವಾಸ ಮಾಡ್ತೀನಿ. ಕೊಬ್ಬು ತಾನ ಕರಗ್ತದ" ಎಂದರು ಇವರು. ನಾನೂ ಹೂಂ ಎಂದೆ. ಅದು ನನ್ನ ತಪ್ಪು.

ಊರಿನಲ್ಲಿ ನಮ್ಮದು ಏಕಾದಶಿಯ ನಿಟ್ಟುಪವಾಸ. ಇವರು ಇಲ್ಲಿ ಕಲಿತದ್ದು ಫರಾಳಿ ಉಪವಾಸ. ಅನ್ನ, ಗೋಧಿ ಮುಟ್ಟುವಂತಿಲ್ಲ. ಆದರೆ ಕರಿದ ಆಲೂಗಡ್ಡೆ, ಸಾಬುದಾನಿ ವಡೆ, ತುಪ್ಪ ಸುರಿದ ರಾಜಗಿರಿ ಶಿರಾ, ಶ್ರೀಖಂಡ ಎಲ್ಲ ನಡೆಯುತ್ತದೆ. ಉಪವಾಸ ಮಾಡುತ್ತಲೇ ಇವರ ಪ್ಯಾಂಟು ಬಿಗಿಯಾಯಿತು. ನಾನು ನಕ್ಕಿದ್ದೆ.

ಮೂರನೇ ಸೋಮವಾರ ಸಂಜೆ ಫರಾಳ ಮುಗಿಸಿದ ಸ್ವಲ್ಪ ಹೊತ್ತಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾಯಿತು. ನೋವು ಬೆನ್ನಿಗೂ ಹೊಡೆಯಿತು. ಮಲಗಲು ಆಗದೆ ಮುಂದಕ್ಕೆ ಬಾಗಿ ಕುಳಿತರು. ಮೇಲಿಂದ ಮೇಲೆ ವಾಂತಿ.

"ಗ್ಯಾಸ್ ಅದ, ಸೋಡಾ ಕೊಡು. ಮುಂಜಾನಿ ನೋಡೋಣು" ಎಂದರು.

ನಾನು ಓಡಿಹೋಗಿ ಕೆಳಮನೆಯ ಸುಮತಿಯನ್ನು ಕರೆತಂದೆ. ಮೈಸೂರಿನ ಕಡೆಯವಳು, ನರ್ಸು. ಇವರ ರಕ್ತಪರೀಕ್ಷೆಯ ರಿಪೋರ್ಟು ಅವಳು ಮೊದಲೇ ನೋಡಿದ್ದಳು.

"ಅಕ್ಕಾ, ಡಾಕ್ಟರು ಕೊಟ್ಟ ಗುಳಿಗೆ ತಗೋತಿದಾರಾ?"

"ಇಲ್ಲವ್ವಾ. ಉಪವಾಸದಾಗ ಅದ್ಯಾಕ ಅಂತ ಬಿಟ್ಟಾರ."

ಸುಮತಿ ನಿಂತಲ್ಲೇ ಆಟೋ ತರಿಸಲು ಹೇಳಿದಳು. "ಸಾರ್, ಸೋಡಾನೂ ಬೇಡ, ನೀರೂ ಬೇಡ. ಈಗ್ಲೇ ಹೊರಡಿ. ಇದನ್ನ ಗ್ಯಾಸ್ ಅಂತ ಕೂರೋ ಹಾಗಿಲ್ಲ."

"ಇಷ್ಟಕ್ಕ ಯಾಕ ದವಾಖಾನಿ?" ಎಂದರು ಇವರು, ಹಲ್ಲು ಕಚ್ಚಿಕೊಂಡು.

"ಹೊಟ್ಟೆ ಹಿಂದೆ ಮೇದೋಜ್ಜೀರಕ ಗ್ರಂಥಿ ಅಂತ ಇದೆ. ಊಟ ಜೀರ್ಣ ಮಾಡೋ ರಸ ಅಲ್ಲೇ ಆಗೋದು. ರಕ್ತದಲ್ಲಿ ಕೊಬ್ಬು ಇಷ್ಟೊಂದು ಏರಿದ್ರೆ, ಆ ರಸ ಕೊಬ್ಬನ್ನ ಒಡೆದಾಗ ಹುಟ್ಟೋ ಆಮ್ಲ ಆ ಗ್ರಂಥಿಯನ್ನೇ ಸುಡುತ್ತೆ. ತಡ ಮಾಡಿದ್ರೆ ಜೀವಕ್ಕೇ ಅಪಾಯ ಸಾರ್!"

ಮಗಳು ಮೇದಿನಿ ಅಪ್ಪನ ಕೈ ಹಿಡಿದೆಳೆದಳು. "ಪಪ್ಪಾ, ಪ್ಲೀಸ್, ಚಲೋ ನಾ!" ಆಮೇಲೇ ಅವರು ಎದ್ದರು.

ಆಸ್ಪತ್ರೆಯಲ್ಲಿ ತೆಗೆದ ರಕ್ತ ಸ್ವಲ್ಪ ಹೊತ್ತಿನಲ್ಲಿ ಮೇಲೆಲ್ಲ ಹಾಲಿನಂತೆ ಬೆಳ್ಳಗಾಯಿತು. ಟ್ರೈಗ್ಲಿಸರೈಡ್ ಮೂರು ಸಾವಿರ ದಾಟಿತ್ತು. ಸುಮತಿ ಹೇಳಿದ ಗ್ರಂಥಿಯೇ ಊದಿಕೊಂಡಿತ್ತು. ಆರು ದಿನ ಐಸಿಯುದಲ್ಲಿದ್ದರು. ಬಾಯಿಗೆ ಒಂದು ಹನಿ ಇಲ್ಲ, ಬರೀ ಸಲೈನ್. ಬಾಗಿಲ ಗಾಜಿನಲ್ಲಿ ಅವರ ಎದೆ ಏರಿಳಿಯುವುದನ್ನು ನೋಡುತ್ತ ನಿಂತಿದ್ದೆ. ನಗಬಾರದಿತ್ತು, ಜಗಳವಾಡಬೇಕಿತ್ತು ಎಂದು ನನ್ನನ್ನೇ ಬೈದುಕೊಂಡೆ.

ಬದುಕಿ ಬಂದರು. ಹೊರಡುವ ದಿನ ಡಾಕ್ಟರು, "ಇದು ಕೆಲವರಿಗೆ ವಂಶದಲ್ಲೇ ಬರುತ್ತದೆ. ಮಗಳದ್ದೂ ನೋಡಿಸಿ" ಎಂದರು. ಇವರ ಮುಖ ಬಾಡಿತು. ಮರುವಾರ ತಮ್ಮ ಗುಳಿಗೆ ನುಂಗಿ, ಮೇದಿನಿಯನ್ನು ಖಾಲಿ ಹೊಟ್ಟೆಯಲ್ಲಿ ತಾವೇ ಲ್ಯಾಬಿಗೆ ಕರೆದೊಯ್ದರು. "ನನ್ನ ಹಟ ನಿನಗ ಬ್ಯಾಡವ್ವಾ" ಎಂದು ದಾರಿಯುದ್ದಕ್ಕೂ ಹೇಳಿದರಂತೆ.

ನಿಮ್ಮ ಮನೆಯಲ್ಲೂ ಇಂಥ ಹಟಮಾರಿ ಇದ್ದಾರೆಯೇ? ಅವರ ರಿಪೋರ್ಟು ಇವತ್ತೇ ತೆಗೆದು ಟ್ರೈಗ್ಲಿಸರೈಡ್ ಎಷ್ಟಿದೆ ನೋಡಿ. ಹೆಚ್ಚಿದ್ದರೆ ಡಾಕ್ಟರಿಗೆ ತೋರಿಸಿ, ನೋವಿಲ್ಲವೆಂದು ಗುಳಿಗೆ ಬಿಡಲು ಬಿಡಬೇಡಿ. ಹೊಟ್ಟೆನೋವು ಬೆನ್ನಿಗೆ ಹೊಡೆದರೆ ಬೆಳಗಾಗಲಿ ಎಂದು ಕಾಯಬೇಡಿ. ಅವರು ಬೈದರೆ ಬೈಯಲಿ. ಬೈಯಲಿಕ್ಕಾದರೂ ಅವರು ಇರಬೇಕಲ್ಲ!